ವಿಂಡೋಸ್ ಮೇಲ್ದರ್ಜೆಗೇರಿದ ಬಳಿಕ ಜಾಲದ ಫೋಲ್ಡರ್ ತೆರೆಯದಿದ್ದಾಗ: ಕಾರಣ ಮತ್ತು ಪರಿಹಾರ

ಅಂಗಡಿ, ಉಗ್ರಾಣ ಹಾಗೂ ಸಣ್ಣ ಕಾರ್ಖಾನೆಗಳ ಕಚೇರಿಗಳಲ್ಲಿ ನಾಲ್ಕಾರು ಗಣಕಯಂತ್ರಗಳನ್ನು ಒಂದೇ ಜಾಲಕ್ಕೆ ಜೋಡಿಸಿ, ಅವುಗಳಲ್ಲೊಂದರ ಫೋಲ್ಡರನ್ನು ಎಲ್ಲರೂ ಹಂಚಿಕೊಂಡು ಬಳಸುವ ಪದ್ಧತಿ ಬಹುಕಾಲದಿಂದ ರೂಢಿಯಲ್ಲಿದೆ. ಟ್ಯಾಲಿಯಂತಹ ಲೆಕ್ಕಪತ್ರ ತಂತ್ರಾಂಶದ ದತ್ತಾಂಶ, ದರಪಟ್ಟಿ, ಖರೀದಿ ಆದೇಶ, ಯಂತ್ರಭಾಗಗಳ ನಕ್ಷೆ, ಸ್ಕ್ಯಾನ್ ಮಾಡಿದ ರಸೀದಿ ಮೊದಲಾದವೆಲ್ಲವೂ ಆ ಒಂದು ಫೋಲ್ಡರಿನಲ್ಲಿ ಇರುತ್ತವೆ. ಇದಕ್ಕೆ ಪ್ರತ್ಯೇಕ ಸರ್ವರ್ ಬೇಡ, ಹೆಚ್ಚಿನ ವೆಚ್ಚವೂ ಇಲ್ಲ.

ವಿಂಡೋಸ್ 10 ವ್ಯವಸ್ಥೆಗೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಕೊನೆಗೊಂಡಿತು. ವಿಂಡೋಸ್ 11ಕ್ಕೆ ಬದಲಾದ ಕಚೇರಿಗಳಲ್ಲಿ ಒಂದು ತೊಂದರೆ ಮತ್ತೆ ಮತ್ತೆ ಕಂಡುಬರುತ್ತದೆ. ನಿನ್ನೆಯವರೆಗೆ ತೆರೆಯುತ್ತಿದ್ದ ಹಂಚಿಕೆಯ ಫೋಲ್ಡರ್ ಇಂದು ತೆರೆಯುವುದಿಲ್ಲ. ಬಿಲ್ಲು ತಯಾರಾಗದೆ, ಇ-ವೇ ಬಿಲ್ ಹೊರಡದೆ, ಸರಕು ತುಂಬಿದ ವಾಹನ ಬಾಗಿಲಲ್ಲೇ ನಿಲ್ಲುತ್ತದೆ.

ಇಂತಹ ಸಮಯದಲ್ಲಿ ಹಂಚಿಕೆಯ ವ್ಯವಸ್ಥೆಯೇ ಕೆಟ್ಟುಹೋಯಿತೆಂದು ಭಾವಿಸುವುದು ಸಹಜ. ಆದರೆ ಅನೇಕ ಸಂದರ್ಭಗಳಲ್ಲಿ ಯಾವುದೂ ಕೆಟ್ಟಿರುವುದಿಲ್ಲ. ಹಳೆಯ ವ್ಯವಸ್ಥೆಯು ತೆರೆದಿಟ್ಟಿದ್ದ ಬಾಗಿಲೊಂದನ್ನು ಹೊಸ ವ್ಯವಸ್ಥೆಯು ಉದ್ದೇಶಪೂರ್ವಕವಾಗಿಯೇ ಮುಚ್ಚಿರುತ್ತದೆ. ಆ ಬಾಗಿಲನ್ನು ಮತ್ತೆ ತೆರೆದಿಡುವುದು ಸುಲಭ, ಆದರೆ ಅಪಾಯಕರ. ಬೀಗದ ಕೈ ಹಿಡಿದು ಒಳಗೆ ಹೋಗುವ ಕ್ರಮವನ್ನು ಏರ್ಪಡಿಸುವುದು ಅದಕ್ಕಿಂತ ಸ್ವಲ್ಪವೇ ಹೆಚ್ಚಿನ ಶ್ರಮದ ಕೆಲಸ. ಎರಡರಲ್ಲಿ ಯಾವುದನ್ನು ಆಯ್ದುಕೊಳ್ಳಬೇಕೆಂಬುದನ್ನು ತಂತ್ರಜ್ಞನಿಗೆ ಬಿಡದೆ ಮಾಲೀಕರೇ ತಿಳಿದು ನಿರ್ಧರಿಸುವುದು ಒಳ್ಳೆಯದು.

ಹಂಚಿಕೆಯ ಹಿಂದಿನ ನಿಯಮಾವಳಿ

ಒಂದು ಗಣಕಯಂತ್ರದ ಕಡತವನ್ನು ಮತ್ತೊಂದು ಗಣಕಯಂತ್ರ ಓದಬೇಕಾದರೆ ಎರಡಕ್ಕೂ ತಿಳಿದಿರುವ ಒಂದು ನಿಯಮಾವಳಿ ಬೇಕು. ವಿಂಡೋಸ್ ವ್ಯವಸ್ಥೆಯಲ್ಲಿ ಇದಕ್ಕೆ ಸರ್ವರ್ ಮೆಸೇಜ್ ಬ್ಲಾಕ್ ಅಥವಾ ಸಂಕ್ಷಿಪ್ತವಾಗಿ ಎಸ್‌ಎಂಬಿ ಎಂದು ಹೆಸರು. ಐಬಿಎಂ ಸಂಸ್ಥೆಯ ಬ್ಯಾರಿ ಫೈಗೆನ್‌ಬಾಮ್ ಅವರು 1980ರ ದಶಕದ ಆರಂಭದಲ್ಲಿ ಇದನ್ನು ರೂಪಿಸಿದರು. ಆಗಿನ ಜಾಲಗಳು ಒಂದು ಕಚೇರಿಯ ಗೋಡೆಗಳೊಳಗೆ ಇದ್ದವು. ಜಾಲದಲ್ಲಿರುವವರೆಲ್ಲ ಪರಿಚಿತರೇ ಎಂಬ ನಂಬಿಕೆಯ ಮೇಲೆ ಮೊದಲ ಆವೃತ್ತಿ ನಿಂತಿತ್ತು.

ಎರಡನೆಯ ಆವೃತ್ತಿಯು 2006ರಲ್ಲಿ ಸಿದ್ಧಗೊಂಡ ವಿಂಡೋಸ್ ವಿಸ್ತಾದೊಂದಿಗೂ, ಮೂರನೆಯದು 2012ರಲ್ಲಿ ವಿಂಡೋಸ್ 8ರೊಂದಿಗೂ ಬಂದವು. ವಿಂಡೋಸ್ ಎಕ್ಸ್‌ಪಿ ಹಾಗೂ ಅದಕ್ಕಿಂತ ಹಳೆಯ ವ್ಯವಸ್ಥೆಗಳಿಗೆ ಮೊದಲ ಆವೃತ್ತಿಯೊಂದೇ ಗೊತ್ತು. ಜಾಲಕ್ಕೆ ನೇರವಾಗಿ ಜೋಡಿಸುವ ಸಂಗ್ರಹ ಪೆಟ್ಟಿಗೆಗಳು, ಅಂದರೆ ನ್ಯಾಸ್ ಸಾಧನಗಳು, ಸಾಮಾನ್ಯವಾಗಿ ಸಾಂಬಾ ಎಂಬ ಮುಕ್ತ ತಂತ್ರಾಂಶದ ಮೂಲಕ ಈ ನಿಯಮಾವಳಿಯನ್ನು ಪಾಲಿಸುತ್ತವೆ. ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಇದನ್ನು 1992ರಲ್ಲಿ ಆರಂಭಿಸಿದರು.

ಎರಡು ಯಂತ್ರಗಳು ಸಂಪರ್ಕಕ್ಕೆ ಬಂದಾಗ ಇಬ್ಬರಿಗೂ ಗೊತ್ತಿರುವ ಅತ್ಯಂತ ಹೊಸ ಆವೃತ್ತಿಯನ್ನು ಆಯ್ದುಕೊಳ್ಳುತ್ತವೆ. ಒಂದು ಕಡೆಯ ಸಾಧನಕ್ಕೆ ಮೊದಲ ಆವೃತ್ತಿ ಮಾತ್ರ ತಿಳಿದಿದ್ದು, ಇನ್ನೊಂದು ಕಡೆಯ ಯಂತ್ರ ಅದನ್ನು ನಿರಾಕರಿಸಿದರೆ, ತಂತಿ ಸರಿಯಿದ್ದರೂ ಮಾತುಕತೆ ನಡೆಯದು.

ಬಾಗಿಲು ಮುಚ್ಚಿದ್ದೇಕೆ?

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ಎಸ್‌ಎಂಬಿ ಮೊದಲ ಆವೃತ್ತಿಯಲ್ಲಿದ್ದ ಗಂಭೀರ ದೋಷವೊಂದಕ್ಕೆ ತಿದ್ದುಪಡಿಯನ್ನು ಬಿಡುಗಡೆ ಮಾಡಿತು. ಅದನ್ನು ಅಳವಡಿಸದೆ ಉಳಿದ ಯಂತ್ರಗಳಿಗೆ ಅದೇ ವರ್ಷದ ಮೇ 12ರಂದು ವಾನ್ನಕ್ರೈ ಎಂಬ ದುಷ್ಟ ತಂತ್ರಾಂಶ ನುಗ್ಗಿತು. ಯಾರೂ ಯಾವ ಕೊಂಡಿಯನ್ನೂ ಒತ್ತದಿದ್ದರೂ ಜಾಲದ ಮೂಲಕ ಯಂತ್ರದಿಂದ ಯಂತ್ರಕ್ಕೆ ಹರಡಿ, ಕಡತಗಳನ್ನೆಲ್ಲ ಬೀಗ ಹಾಕಿ, ಬಿಡಿಸಿಕೊಡಲು ಹಣ ಕೇಳಿತು. ಸುಮಾರು 150 ದೇಶಗಳಲ್ಲಿ 2 ಲಕ್ಷಕ್ಕೂ ಹೆಚ್ಚು ಯಂತ್ರಗಳು ಇದಕ್ಕೆ ತುತ್ತಾದವು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳು ರೋಗಿಗಳನ್ನು ಹಿಂದಿರುಗಿಸಬೇಕಾಯಿತು.

ಮರುತಿಂಗಳು, ಜೂನ್ 27ರಂದು, ನಾಟ್‌ಪೆಟ್ಯಾ ಎಂಬ ಇನ್ನೊಂದು ದಾಳಿ ನಡೆಯಿತು. ಅದು ಹೊರಟದ್ದು ಉಕ್ರೇನಿನ ಒಂದು ಲೆಕ್ಕಪತ್ರ ತಂತ್ರಾಂಶದ ಪರಿಷ್ಕರಣೆಯ ಮೂಲಕ. ಹರಡಲು ಬಳಸಿದ ದಾರಿಗಳಲ್ಲಿ ಅದೇ ಎಸ್‌ಎಂಬಿ ದೋಷವೂ ಒಂದು. ಮಾರ್ಸ್ಕ್ ಹಡಗು ಸಂಸ್ಥೆಯ ವ್ಯವಸ್ಥೆ ಸ್ಥಗಿತಗೊಂಡು, ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನಲ್ಲಿ ಅದರ ಸಮೂಹವು ನಡೆಸುತ್ತಿದ್ದ ಟರ್ಮಿನಲ್ಲಿನ ಕೆಲಸಕ್ಕೂ ಅಡ್ಡಿಯಾಯಿತು. ತನಗಾದ ನಷ್ಟ 20ರಿಂದ 30 ಕೋಟಿ ಡಾಲರ್ ಎಂದು ಆ ಸಂಸ್ಥೆ ಅಂದಾಜಿಸಿತು.

ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ 1709 ಆವೃತ್ತಿಯಿಂದ ಮೊದಲ ಎಸ್‌ಎಂಬಿಯನ್ನು ಕೈಬಿಡುವ ಕ್ರಮ ಆರಂಭವಾಯಿತು. ಹಳೆಯ ಯಂತ್ರವನ್ನು ಹಾಗೆಯೇ ಮೇಲ್ದರ್ಜೆಗೇರಿಸಿದಾಗ ಹೋಮ್ ಮತ್ತು ಪ್ರೊ ಆವೃತ್ತಿಗಳಲ್ಲಿ ಅದು ಉಳಿದುಕೊಂಡರೂ, ಯಂತ್ರ ಚಾಲನೆಯಲ್ಲಿದ್ದ ಒಟ್ಟು 15 ದಿನಗಳ ಕಾಲ ಬಳಕೆಯಾಗದಿದ್ದರೆ ತಾನಾಗಿಯೇ ತೆಗೆದುಹಾಕಲ್ಪಡುತ್ತಿತ್ತು. ಮೇಲ್ದರ್ಜೆಗೇರಿಸಿದ ದಿನ ಸರಿಯಾಗಿದ್ದ ಹಂಚಿಕೆ ಕೆಲವು ವಾರಗಳ ನಂತರ ನಿಂತುಹೋಗಲು ಇದೂ ಒಂದು ಕಾರಣ.

ವಿಂಡೋಸ್ 11ರ ಎರಡು ಹೊಸ ಕಟ್ಟುಪಾಡುಗಳು

2024ರ ಅಕ್ಟೋಬರಿನಲ್ಲಿ ಬಿಡುಗಡೆಯಾದ ವಿಂಡೋಸ್ 11ರ 24ಎಚ್2 ಆವೃತ್ತಿಯು ಇನ್ನೆರಡು ನಿಯಮಗಳನ್ನು ತಂದಿತು. ವ್ಯಾಪಾರ ಸಂಸ್ಥೆಗಳಲ್ಲಿ ಹೆಚ್ಚಾಗಿ ಬಳಕೆಯಾಗುವ ಪ್ರೊ ಆವೃತ್ತಿಗೂ ಇವು ಅನ್ವಯಿಸುತ್ತವೆ.

ಮೊದಲನೆಯದು, ಅತಿಥಿ ಪ್ರವೇಶದ ನಿಷೇಧ. ಗುಪ್ತಪದವಿಲ್ಲದೆ 'ಗೆಸ್ಟ್' ಎಂದು ಒಳಬಿಡುವ ಫೋಲ್ಡರಿಗೆ ಹೊಸ ಯಂತ್ರವು ತಾನಾಗಿಯೇ ಸಂಪರ್ಕಿಸುವುದಿಲ್ಲ. ಗುಪ್ತಪದದ ಗೊಡವೆ ಬೇಡವೆಂದು ಹಂಚಿಕೆಯನ್ನು ಎಲ್ಲರಿಗೂ ತೆರೆದಿಟ್ಟಿರುವ ಕಚೇರಿಗಳಿಗೆ ಮೊದಲು ತಟ್ಟುವ ಪೆಟ್ಟು ಇದು.

ಎರಡನೆಯದು, ಪ್ರತಿ ಸಂದೇಶಕ್ಕೂ ಮೊಹರು ಕಡ್ಡಾಯ. ಇದಕ್ಕೆ ಎಸ್‌ಎಂಬಿ ಸೈನಿಂಗ್ ಎನ್ನುತ್ತಾರೆ. ಎರಡು ಯಂತ್ರಗಳ ನಡುವೆ ಹೋಗಿಬರುವ ಪ್ರತಿ ಸಂದೇಶಕ್ಕೂ ಗಣಿತದ ಮೊಹರು ಒತ್ತಲಾಗುತ್ತದೆ. ದಾರಿಯಲ್ಲಿ ಯಾರಾದರೂ ಸಂದೇಶವನ್ನು ತಿದ್ದಿದರೆ ಮೊಹರು ತಾಳೆಯಾಗದೆ ಸಂಪರ್ಕ ಕಡಿಯುತ್ತದೆ.

ಈ ಎರಡು ನಿಯಮಗಳಿಗೂ ಒಳಗಿನ ನಂಟಿದೆ. ಮೊಹರಿನ ಅಚ್ಚು ಹುಟ್ಟುವುದು ಬಳಕೆದಾರನ ಗುಪ್ತಪದದ ಆಧಾರದಿಂದ. ಅತಿಥಿಗೆ ಗುಪ್ತಪದವಿಲ್ಲ, ಆದುದರಿಂದ ಅವನ ಸಂದೇಶಕ್ಕೆ ಮೊಹರೂ ಇಲ್ಲ. ಹಂಚಿಕೆಯ ಫೋಲ್ಡರಿಗೆ ಬಳಕೆದಾರ ಹೆಸರು ಮತ್ತು ಗುಪ್ತಪದವನ್ನು ಏರ್ಪಡಿಸಿದರೆ, ಎರಡನೆಯ ಆವೃತ್ತಿ ಅಥವಾ ಅದಕ್ಕಿಂತ ಹೊಸದನ್ನು ಬಲ್ಲ ಸಾಧನಗಳಲ್ಲಿ ಸಾಮಾನ್ಯವಾಗಿ ಎರಡೂ ತೊಡಕುಗಳು ಒಮ್ಮೆಗೇ ನಿವಾರಣೆಯಾಗುತ್ತವೆ.

ಹೋಮ್ ಆವೃತ್ತಿಯಲ್ಲಿ ಈ ಕಟ್ಟುಪಾಡುಗಳನ್ನು ಕಡ್ಡಾಯಗೊಳಿಸಿಲ್ಲ. ಒಂದೇ ಕಚೇರಿಯ ಒಂದು ಯಂತ್ರದಲ್ಲಿ ಫೋಲ್ಡರ್ ತೆರೆದು, ಪಕ್ಕದ ಯಂತ್ರದಲ್ಲಿ ತೆರೆಯದಿರುವ ವಿಚಿತ್ರಕ್ಕೆ ಇದೂ ಕಾರಣವಾಗಬಹುದು.

ದೋಷ ಪತ್ತೆಯ ಕ್ರಮ

ಕಂಡಕಂಡ ಗುಂಡಿಗಳನ್ನು ಬದಲಿಸುವುದಕ್ಕಿಂತ ಒಂದೊಂದೇ ಮೆಟ್ಟಿಲು ಹತ್ತಿ ಪರೀಕ್ಷಿಸುವುದು ಬೇಗನೆ ಫಲ ಕೊಡುತ್ತದೆ. ಮೊದಲ ಕೆಲಸವೆಂದರೆ, ಫೋಲ್ಡರ್ ಇರುವ ಯಂತ್ರದ ಮುಂದೆಯೇ ಕುಳಿತು ದತ್ತಾಂಶವೆಲ್ಲ ಸರಿಯಾಗಿದೆಯೇ ಎಂದು ನೋಡಿ, ಹೊರಗಿನ ಡಿಸ್ಕಿಗೆ ಒಂದು ಪ್ರತಿ ತೆಗೆದಿಡುವುದು. ತುರ್ತು ಬಿಲ್ಲುಗಳನ್ನು ಸದ್ಯಕ್ಕೆ ಅದೇ ಯಂತ್ರದಿಂದ ತಯಾರಿಸಬಹುದು. ಇದರಿಂದ ಅವಸರದ ಒತ್ತಡ ಕಡಿಮೆಯಾಗುತ್ತದೆ. ಪರದೆಯ ಮೇಲೆ ಬಂದ ಸಂದೇಶವನ್ನು ಸಂಖ್ಯೆಯ ಸಮೇತ ಬರೆದಿಟ್ಟುಕೊಳ್ಳಬೇಕು.

1. ಹೆಸರೋ, ದಾರಿಯೋ? ಎಕ್ಸ್‌ಪ್ಲೋರರ್ ವಿಳಾಸ ಪಟ್ಟಿಯಲ್ಲಿ ಯಂತ್ರದ ಹೆಸರಿನ ಬದಲು ಅದರ ಜಾಲ ಸಂಖ್ಯೆಯನ್ನು, ಉದಾಹರಣೆಗೆ \\192.168.1.10 ಎಂದು, ಬರೆದು ನೋಡಬೇಕು. ತೆರೆದರೆ ಹಂಚಿಕೆ ಸರಿಯಿದ್ದು, ಹೆಸರಿನ ಪತ್ತೆಯಲ್ಲಷ್ಟೇ ತೊಡಕಿದೆ ಎಂದರ್ಥ. ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದಾಗ ಯಂತ್ರಕ್ಕೆ 'ಡೆಸ್ಕ್‌ಟಾಪ್' ಎಂದು ಆರಂಭವಾಗುವ ಹೊಸ ಹೆಸರು ಬಂದಿರುತ್ತದೆ. ಲೆಕ್ಕಪತ್ರ ತಂತ್ರಾಂಶವು ಹಳೆಯ ಹೆಸರನ್ನೇ ಹುಡುಕುತ್ತಿರುತ್ತದೆ. ಹಳೆಯ ಹೆಸರನ್ನೇ ಮತ್ತೆ ಕೊಡುವುದು, ರೌಟರಿನಲ್ಲಿ ಆ ಯಂತ್ರಕ್ಕೆ ಒಂದು ಜಾಲ ಸಂಖ್ಯೆಯನ್ನು ಕಾಯ್ದಿರಿಸುವುದು ಇದಕ್ಕೆ ಪರಿಹಾರ.

2. ಜಾಲದ ಬಗೆ. ಮೇಲ್ದರ್ಜೆಗೇರಿಸಿದ ನಂತರ ಕಚೇರಿಯ ಜಾಲವು 'ಪಬ್ಲಿಕ್' ಎಂದು ನಮೂದಾಗಿರಬಹುದು. ಆಗ ರೈಲು ನಿಲ್ದಾಣದ ವೈಫೈನಲ್ಲಿ ವರ್ತಿಸುವಂತೆ ಯಂತ್ರವು ಎಲ್ಲರಿಂದಲೂ ಮುಖ ಮರೆಸಿಕೊಳ್ಳುತ್ತದೆ. ಸೆಟ್ಟಿಂಗ್ಸ್ ವಿಭಾಗದ ನೆಟ್‌ವರ್ಕ್ ಪುಟದಲ್ಲಿ ಅದನ್ನು 'ಪ್ರೈವೇಟ್' ಎಂದು ಬದಲಿಸಿ, ನೆಟ್‌ವರ್ಕ್ ಡಿಸ್ಕವರಿ ಹಾಗೂ ಫೈಲ್ ಶೇರಿಂಗ್ ಎರಡೂ ಚಾಲನೆಯಲ್ಲಿವೆಯೇ ಎಂದು ನೋಡಬೇಕು. ಬೇರೆ ಸಂಸ್ಥೆಯ ವೈರಾಣು ನಿರೋಧಕ ತಂತ್ರಾಂಶವಿದ್ದರೆ ಅದರ ರಕ್ಷಣಾ ಗೋಡೆಯೂ 445ನೆಯ ದ್ವಾರವನ್ನು ತಡೆಯುತ್ತಿರಬಹುದು. ಜಾಲದ ದಾರಿ ಸಿಗಲಿಲ್ಲವೆಂಬ, 80070035 ಎಂದು ಕೊನೆಗೊಳ್ಳುವ ಸಂದೇಶ ಬಂದಾಗ ಮೊದಲು ಈ ಎರಡು ಮೆಟ್ಟಿಲುಗಳನ್ನು ಪರಿಶೀಲಿಸಬೇಕು.

3. ಗುರುತಿನ ಪರೀಕ್ಷೆ. ವಿಂಡೋಸ್ ಒಳಹೋಗಲು ಪ್ರತಿದಿನ ಒತ್ತುವ ನಾಲ್ಕಾರು ಅಂಕಿಗಳ ಪಿನ್ ಆ ಯಂತ್ರಕ್ಕೆ ಮಾತ್ರ ಸೀಮಿತ. ಜಾಲದ ಮೂಲಕ ಫೋಲ್ಡರ್ ತೆರೆಯಲು ಅದು ನಡೆಯದು, ಖಾತೆಯ ನಿಜವಾದ ಗುಪ್ತಪದವೇ ಬೇಕು. ಗುಪ್ತಪದವೇ ಇಲ್ಲದ ಖಾತೆಯಿಂದಲೂ ಜಾಲ ಪ್ರವೇಶಕ್ಕೆ ವಿಂಡೋಸ್ ಸಾಮಾನ್ಯವಾಗಿ ಅನುಮತಿಸುವುದಿಲ್ಲ. ಫೋಲ್ಡರ್ ಇರುವ ಯಂತ್ರದಲ್ಲಿ ಹಂಚಿಕೆಗೆಂದೇ ಪ್ರತ್ಯೇಕ ಸ್ಥಳೀಯ ಖಾತೆಯೊಂದನ್ನು ಗುಪ್ತಪದ ಸಹಿತ ತೆರೆದು, ಇತರ ಯಂತ್ರಗಳಲ್ಲಿ ಅದೇ ಹೆಸರನ್ನು ಯಂತ್ರದ ಹೆಸರಿನೊಡನೆ ಸೇರಿಸಿ ಬರೆಯುವುದು ಅತ್ಯಂತ ಸರಳ ಮಾರ್ಗ. ಹಳೆಯ ಗುಪ್ತಪದವು ಕ್ರೆಡೆನ್ಷಿಯಲ್ ಮ್ಯಾನೇಜರಿನಲ್ಲಿ ಉಳಿದಿದ್ದರೆ ಅದನ್ನು ಮೊದಲು ಅಳಿಸಬೇಕು.

4. ಅನುಮತಿ. ಹಂಚಿಕೆಗೆ ಒಂದು ಅನುಮತಿ, ಡಿಸ್ಕಿನ ಫೋಲ್ಡರಿಗೆ ಇನ್ನೊಂದು ಅನುಮತಿ ಎಂದು ಎರಡು ಕಾವಲುಗಳಿವೆ. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿದ್ದರೆ ಹಳೆಯ ಬಳಕೆದಾರರ ಹೆಸರಿನ ಜಾಗದಲ್ಲಿ ಉದ್ದನೆಯ ಸಂಖ್ಯೆಗಳಷ್ಟೇ ಕಾಣಬಹುದು. ಅವುಗಳನ್ನು ತೆಗೆದು ಹೊಸ ಖಾತೆಗೆ ಓದುವ, ತಿದ್ದುವ ಅನುಮತಿ ಕೊಡಬೇಕು. ಎವ್ವೆರಿವನ್ ಎಂಬ ಹೆಸರಿಗೆ ಪೂರ್ಣಾಧಿಕಾರ ಕೊಡುವುದು ಪರಿಹಾರವಲ್ಲ.

5. ಸಂದೇಶದ ಅರ್ಥ. ಸಂದೇಶದಲ್ಲಿ ಎಸ್‌ಎಂಬಿ1 ಎಂಬ ಉಲ್ಲೇಖವಿದ್ದರೆ ಎದುರಿನ ಸಾಧನ ತೀರಾ ಹಳೆಯದು. ಗೆಸ್ಟ್ ಪ್ರವೇಶವನ್ನು ಭದ್ರತಾ ನೀತಿ ತಡೆಯುತ್ತಿದೆ ಎಂದಿದ್ದರೆ ಗುಪ್ತಪದದ ಏರ್ಪಾಡು ಆಗಬೇಕು. ಕ್ರಿಪ್ಟೋಗ್ರಾಫಿಕ್ ಸಿಗ್ನೇಚರ್ ಸರಿಯಿಲ್ಲ ಎಂದಿದ್ದರೆ ಎದುರಿನ ಸಾಧನವು ಮೊಹರು ಒತ್ತುತ್ತಿಲ್ಲ.

6. ಪ್ರತಿ ತೆಗೆದ ಡಿಸ್ಕು. ಒಂದು ಯಂತ್ರವನ್ನು ಸಿದ್ಧಪಡಿಸಿ, ಅದರ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಿ ಉಳಿದ ಯಂತ್ರಗಳಿಗೆ ತುಂಬಿದ್ದರೆ, ಎಲ್ಲ ಯಂತ್ರಗಳ ಆಂತರಿಕ ಗುರುತಿನ ಸಂಖ್ಯೆ ಒಂದೇ ಆಗಿರುತ್ತದೆ. 2025ರ ಆಗಸ್ಟ್ 29ರಿಂದ ಈಚೆಗೆ ಬಂದ ಪರಿಷ್ಕರಣೆಗಳಲ್ಲಿ 24ಎಚ್2 ಹಾಗೂ 25ಎಚ್2 ಆವೃತ್ತಿಗಳು ಈ ಸಂಖ್ಯೆಯನ್ನು ಪರೀಕ್ಷಿಸಿ, ಒಂದೇ ಸಂಖ್ಯೆಯ ಯಂತ್ರಗಳ ನಡುವಿನ ಪ್ರವೇಶವನ್ನು ನಿರಾಕರಿಸುತ್ತವೆ. ಗುಪ್ತಪದ ಸರಿಯಿದ್ದರೂ ಮತ್ತೆ ಮತ್ತೆ ಕೇಳುವುದು ಇದರ ಲಕ್ಷಣ. ಆ ಯಂತ್ರಗಳಲ್ಲಿ ವಿಂಡೋಸನ್ನು ಸರಿಯಾದ ಕ್ರಮದಲ್ಲಿ ಮರುಸ್ಥಾಪಿಸುವುದೇ ಶಾಶ್ವತ ಪರಿಹಾರ. ಹೊಸ ಯಂತ್ರಗಳನ್ನು ಒಟ್ಟಾಗಿ ಕೊಳ್ಳುವಾಗ ಈ ಬಗ್ಗೆ ಮಾರಾಟಗಾರರನ್ನು ಮೊದಲೇ ಕೇಳುವುದು ಒಳಿತು.

ಹಳೆಯ ಸಾಧನಗಳ ಗತಿ

ನ್ಯಾಸ್ ಪೆಟ್ಟಿಗೆಯಿದ್ದರೆ ತಯಾರಕರು ನೀಡಿರುವ ಇತ್ತೀಚಿನ ಪರಿಷ್ಕರಣೆಯನ್ನು ಅಳವಡಿಸಿ, ಕನಿಷ್ಠ ಆವೃತ್ತಿಯನ್ನು ಎಸ್‌ಎಂಬಿ2 ಎಂದೂ ಗರಿಷ್ಠವನ್ನು ಎಸ್‌ಎಂಬಿ3 ಎಂದೂ ನಿಗದಿಪಡಿಸಿ, ಗೆಸ್ಟ್ ಪ್ರವೇಶವನ್ನು ರದ್ದುಗೊಳಿಸಬೇಕು. ರೌಟರಿನ ಯುಎಸ್‌ಬಿ ಕಿಂಡಿಗೆ ಡಿಸ್ಕು ಚುಚ್ಚಿ ಹಂಚಿಕೊಳ್ಳುವ ಏರ್ಪಾಡುಗಳಲ್ಲಿ ಕೆಲವಕ್ಕೆ ಮೊದಲ ಆವೃತ್ತಿ ಮಾತ್ರ ಗೊತ್ತು. ಅಂತಹ ಡಿಸ್ಕನ್ನು ಗಣಕಯಂತ್ರಕ್ಕೆ ಸ್ಥಳಾಂತರಿಸುವುದೇ ಮೇಲು.

ಸ್ಕ್ಯಾನ್ ಮಾಡಿದ ಪ್ರತಿಯನ್ನು ನೇರವಾಗಿ ಫೋಲ್ಡರಿಗೆ ಕಳುಹಿಸುವ ನಕಲು ಯಂತ್ರಗಳಲ್ಲೂ ಇದೇ ಸಮಸ್ಯೆ. ತಯಾರಕರ ಪರಿಷ್ಕರಣೆ ದೊರೆಯದಿದ್ದರೆ ಇ-ಮೇಲ್ ಅಥವಾ ಯುಎಸ್‌ಬಿ ಮೂಲಕ ಪಡೆಯುವುದು ಸುರಕ್ಷಿತ.

ಕಾರ್ಖಾನೆಗಳಲ್ಲಿನ ಪ್ರಶ್ನೆ ಇನ್ನೂ ಕಠಿಣ. ಸಿಎನ್‌ಸಿ ಯಂತ್ರದೊಡನೆ ಬಂದ ನಿಯಂತ್ರಕವು ವಿಂಡೋಸ್ ಎಕ್ಸ್‌ಪಿ ಮೇಲೆ ನಡೆಯುತ್ತಿದ್ದರೆ, ಯಂತ್ರ ಇನ್ನೂ ಹತ್ತು ವರ್ಷ ದುಡಿಯಬಲ್ಲದಾದರೂ ಅದರ ವ್ಯವಸ್ಥೆಗೆ 2014ರ ಏಪ್ರಿಲ್ 8ರಂದೇ ಬೆಂಬಲ ನಿಂತಿದೆ. ಲಕ್ಷಾಂತರ ರೂಪಾಯಿಯ ಯಂತ್ರವನ್ನು ಇದೊಂದೇ ಕಾರಣಕ್ಕೆ ಬದಲಿಸಲಾಗದು. ಆದರೆ ಅದಕ್ಕಾಗಿ ಕಚೇರಿಯ ಎಲ್ಲ ಯಂತ್ರಗಳಲ್ಲಿ ಹಳೆಯ ಬಾಗಿಲು ತೆರೆಯುವುದು ಇಲಿಗೆ ಹೆದರಿ ಮನೆಗೆ ಬೆಂಕಿ ಇಟ್ಟಂತೆ. ಅಂತಹ ಯಂತ್ರಗಳನ್ನು ಅಂತರಜಾಲವಿಲ್ಲದ ಪ್ರತ್ಯೇಕ ಜಾಲದಲ್ಲಿರಿಸಿ, ಕಾರ್ಯಸೂಚಿಗಳನ್ನು ಪರೀಕ್ಷಿಸಿದ ಯುಎಸ್‌ಬಿ ಮೂಲಕ ಸಾಗಿಸಬಹುದು. ಅಥವಾ ಅದಕ್ಕೆಂದೇ ಮೀಸಲಾದ ಒಂದು ಮಧ್ಯವರ್ತಿ ಗಣಕಯಂತ್ರವನ್ನು ಇಟ್ಟುಕೊಳ್ಳಬಹುದು. ಆ ಮಧ್ಯವರ್ತಿಯಲ್ಲಿ ಲೆಕ್ಕಪತ್ರದ ಕಡತಗಳು ಇರಬಾರದು.

ಸುಲಭ ಮಾರ್ಗದ ಬೆಲೆ

ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಎಸ್‌ಎಂಬಿ1ಕ್ಕೆ ಗುರುತು ಹಾಕುವುದು, ಗೆಸ್ಟ್ ಪ್ರವೇಶವನ್ನು ಸಮ್ಮತಿಸುವುದು, ಮೊಹರಿನ ಕಡ್ಡಾಯವನ್ನು ತೆಗೆಯುವುದು, ರಕ್ಷಣಾ ಗೋಡೆಯನ್ನೇ ನಿಲ್ಲಿಸುವುದು: ಈ ನಾಲ್ಕೂ ಐದೇ ನಿಮಿಷದ ಕೆಲಸಗಳು. ಫೋಲ್ಡರ್ ತೆರೆಯಲೂಬಹುದು. ಕಾರಣ ಪತ್ತೆಗಾಗಿ ಇವುಗಳಲ್ಲೊಂದನ್ನು ಸ್ವಲ್ಪ ಹೊತ್ತು ಸಡಿಲಿಸಿ ನೋಡಿದರೂ, ಕೂಡಲೇ ಮತ್ತೆ ಬಿಗಿಗೊಳಿಸಬೇಕು. ಹಾಗೆಯೇ ಬಿಟ್ಟರೆ, ಒಂದು ಯಂತ್ರಕ್ಕೆ ಸೇರಿದ ದುಷ್ಟ ತಂತ್ರಾಂಶವು ಗುಪ್ತಪದವಿಲ್ಲದ ಹಂಚಿಕೆಯ ಮೂಲಕ ಇಡೀ ಕಚೇರಿಯ ಲೆಕ್ಕಪತ್ರಕ್ಕೆ ಬೀಗ ಜಡಿಯಬಲ್ಲದು.

ಲೆಕ್ಕಪತ್ರ ಕಳೆದುಕೊಳ್ಳುವುದು ವ್ಯಾಪಾರದ ನಷ್ಟ ಮಾತ್ರವಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೆಯ ಕಲಮಿನ ಪ್ರಕಾರ, ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಲೆಕ್ಕಪುಸ್ತಕಗಳನ್ನು ಕಾಪಾಡಬೇಕು. ಗಣಕಜಾಲದ ಮೇಲಿನ ದಾಳಿಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆಯು 2022ರ ಏಪ್ರಿಲ್ 28ರಂದು ನಿರ್ದೇಶನ ನೀಡಿತು. ಕಂಪನಿಗಳಿಗೆ ಅನ್ವಯಿಸುವ ಈ ನಿರ್ದೇಶನವು ಅದೇ ವರ್ಷದ ಸೆಪ್ಟೆಂಬರ್ 25ರಿಂದ ಅತಿಸಣ್ಣ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೂ ಜಾರಿಗೆ ಬಂದಿತು.

ಮುಂದಿನ ಬದಲಾವಣೆಗೆ ಮುನ್ನ

ಯಾವ ಫೋಲ್ಡರ್ ಯಾವ ಯಂತ್ರದಲ್ಲಿದೆ, ಯಾರಿಗೆ ಯಾವ ಅನುಮತಿಯಿದೆ, ಯಂತ್ರಗಳ ಹೆಸರು ಹಾಗೂ ಜಾಲ ಸಂಖ್ಯೆ ಏನು, ಜಾಲಕ್ಕೆ ಸೇರಿದ ಹಳೆಯ ಸಾಧನಗಳು ಯಾವುವು ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಪ್ರತಿ ಸಂಸ್ಥೆಗೂ ಉಪಯುಕ್ತ. ಎಲ್ಲ ಯಂತ್ರಗಳನ್ನೂ ಒಂದೇ ದಿನ ಮೇಲ್ದರ್ಜೆಗೇರಿಸದೆ, ಮೊದಲು ಒಂದನ್ನು ಬದಲಿಸಿ, ಅದರಿಂದ ಬಿಲ್ಲು, ಮುದ್ರಣ, ಸ್ಕ್ಯಾನ್ ಮೂರೂ ನಡೆಯುತ್ತಿವೆಯೇ ಎಂದು ಒಂದು ವಾರ ನೋಡಿ ಮುಂದುವರಿಯಬೇಕು. ತಿಂಗಳ ಕೊನೆ ಹಾಗೂ ವಿವರಪಟ್ಟಿ ಸಲ್ಲಿಸುವ ದಿನಗಳನ್ನು ಈ ಕೆಲಸಕ್ಕೆ ಆರಿಸಬಾರದು. ದತ್ತಾಂಶದ ಒಂದು ಪ್ರತಿ ಸದಾ ಜಾಲದಿಂದ ಬೇರ್ಪಟ್ಟ ಡಿಸ್ಕಿನಲ್ಲಿರಬೇಕು, ಏಕೆಂದರೆ ಜಾಲದಲ್ಲಿರುವ ಪ್ರತಿಗೂ ಮೂಲದ ಗತಿಯೇ ಬರಬಹುದು.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಗಣಕಜಾಲಕ್ಕೂ ಒಪ್ಪುತ್ತದೆ. ಹೊಸ ವ್ಯವಸ್ಥೆಯು ದಿಡ್ಡಿ ಬಾಗಿಲನ್ನು ಮುಂಚಿತವಾಗಿಯೇ ಹಾಕಿಕೊಟ್ಟಿದೆ. ತಂತ್ರಜ್ಞರು ಬಂದು ಫೋಲ್ಡರ್ ತೆರೆಯುವಂತೆ ಮಾಡಿ ಹೊರಟಾಗ, ಏನನ್ನು ಸರಿಪಡಿಸಲಾಯಿತು, ಏನನ್ನು ಸಡಿಲಿಸಲಾಯಿತು ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದಿಟ್ಟುಕೊಳ್ಳುವುದು ವರ್ತಕರಿಗೂ ಉದ್ದಿಮೆದಾರರಿಗೂ ಹಿತಕರ.